ಗೆಂಡೆ ಮೀನಿನ ನೂರು ವರ್ಣತಂತು

ವಿಜಯವಾಡದಿಂದ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯವರೆಗೆ ಯಾವ ಮೀನಂಗಡಿಯ ಮುಂದೆ ನಿಂತರೂ, ಸಿಹಿನೀರಿನ ಮೀನು ಕೇಳಿದರೆ ಕಿವಿಗೆ ಬೀಳುವ ಹೆಸರುಗಳು ಹೆಚ್ಚುಕಡಿಮೆ ಇವೇ: ಶೀಲಾವತಿ, ಬೊಚ್ಚೆ, ಬಂಗಾರು ತೀಗ. ನಾವು ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ ಎನ್ನುವ ಮೀನುಗಳೇ ಅವು. ಕೃಷ್ಣಾ, ಗೋದಾವರಿಗಳ ಬಯಲಲ್ಲಿ, ಕೊಲ್ಲೇರು ಸರೋವರದ ಆಸುಪಾಸಿನಲ್ಲಿ ಹೊಂಡ ತೋಡಿ ಸಾಕಿ ತಂದವು. ಮೂರೂ ಒಂದೇ ಕುಟುಂಬದವು. ಹುರುಪೆ ತೆಗೆದು ತುಂಡು ಮಾಡಿಟ್ಟರೆ ಯಾವುದು ಯಾವುದೆಂದು ಹೇಳಲು ಪಳಗಿದ ಕಣ್ಣೇ ಬೇಕು. ಆದರೆ ಜೀವಕೋಶದ ಒಳಗೆ ಇಣುಕಿದರೆ ದೊಡ್ಡ ವ್ಯತ್ಯಾಸವಿದೆ. ರೋಹು, ಕಾಟ್ಲಾಗಳಿಗೆ 50 ವರ್ಣತಂತು. ಗೆಂಡೆಗೆ ಸರಿಯಾಗಿ ದುಪ್ಪಟ್ಟು, 100.

ಈ ದುಪ್ಪಟ್ಟಿನ ಮೂಲ ಹೀಗೆ: ಸುಮಾರು ಒಂದು ಕೋಟಿ ವರ್ಷದ ಹಿಂದೆ ಎರಡು ಬೇರೆ ಜಾತಿಯ ಮೀನುಗಳು ಬೆರೆತು, ಹುಟ್ಟಿದ ಸಂತತಿಯಲ್ಲಿ ಎರಡೂ ಕಡೆಯ ವರ್ಣತಂತುಗಳು ಇಡಿಯಾಗಿ ಉಳಿದುಕೊಂಡವು. ಗಾಜಿನ ತೊಟ್ಟಿಯ ಗೋಲ್ಡ್‌ಫಿಶ್ ಕೂಡ ಅದೇ ಸಂತತಿಯದು, ಅದಕ್ಕೂ 100. ಚೀನಾದ ವಿಜ್ಞಾನಿಗಳು 2014ರಲ್ಲಿ ಗೆಂಡೆಯ ಜೀನೋಮ್ ಓದಿ ಪ್ರಕಟಿಸಿದಾಗ 52,000ಕ್ಕೂ ಹೆಚ್ಚು ಜೀನ್‌ಗಳು ಲೆಕ್ಕಕ್ಕೆ ಸಿಕ್ಕವು. ಅದರ ದೂರದ ನೆಂಟ ಜೀಬ್ರಾ ಮೀನಿನಲ್ಲಿ ಇರುವುದು ಸುಮಾರು 26,000.

ಗೆಂಡೆಯ ಈ ದುಪ್ಪಟ್ಟು ಇತ್ತೀಚಿನದು. ಅದಕ್ಕಿಂತ ಬಹಳ ಹಿಂದೆ, 30 ಕೋಟಿ ವರ್ಷಕ್ಕೂ ಮೊದಲು, ಇಂದಿನ ಬಹುಪಾಲು ಮೀನುಗಳ ಮೂಲ ಪೂರ್ವಜನಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿತ್ತು. ಅದಕ್ಕೂ ಹಿಂದೆ, ಬೆನ್ನೆಲುಬಿನ ಪ್ರಾಣಿಗಳ ಆರಂಭದಲ್ಲೇ ಎರಡು ಸಲ. ಆ ಹಳೆಯ ಎರಡರ ಫಲ ನಮ್ಮ ಮೈಯಲ್ಲೂ ಇದೆ. ದೇಹದ ತಲೆ, ಎದೆ, ಬಾಲದ ಭಾಗಗಳು ಎಲ್ಲೆಲ್ಲಿ ಬರಬೇಕೆಂದು ನಿರ್ಧರಿಸುವ ಹಾಕ್ಸ್ ಜೀನ್‌ಗಳು ಮನುಷ್ಯರಲ್ಲಿ ನಾಲ್ಕು ಗೊಂಚಲಾಗಿವೆ. ಇನ್ನೊಮ್ಮೆ ಇಮ್ಮಡಿಯಾದ ಮೀನಿನಲ್ಲಿ ಎಂಟಿರಬೇಕಿತ್ತು, 1998ರಲ್ಲಿ ಜೀಬ್ರಾ ಮೀನಿನಲ್ಲಿ ಎಣಿಸಿದಾಗ ಸಿಕ್ಕಿದ್ದು ಏಳು. ವಿಶಾಖಪಟ್ಟಣದ ಬಲೆಗೂ ಆಗಾಗ ಬೀಳುವ, ಮೈ ಉಬ್ಬಿಸುವ ಪಫರ್ ಮೀನುಗಳ ಬಳಗದಲ್ಲೂ ಏಳೇ. ಆದರೆ ಇವು ಕಳೆದುಕೊಂಡ ಗೊಂಚಲೇ ಬೇರೆ, ಅವು ಕಳೆದುಕೊಂಡದ್ದೇ ಬೇರೆ. ಒಂದೇ ಗಂಟು ಹೊತ್ತು ಹೊರಟ ಎರಡು ವಂಶಗಳು ದಾರಿಯಲ್ಲಿ ಬೇರೆ ಬೇರೆ ವಸ್ತು ಬಿಟ್ಟುಹೋಗಿವೆ.

ಹೆಚ್ಚುವರಿ ಪ್ರತಿಗಳಲ್ಲಿ ಬಹುಪಾಲಿನ ಗತಿ ಇಷ್ಟೇ: ಕೆಟ್ಟು, ಸವೆದು, ಇಲ್ಲವಾಗುವುದು. ಜಪಾನ್ ಮೂಲದ ಸುಸುಮು ಓನೊ 1970ರಲ್ಲೇ ಇದನ್ನು ಹೇಳಿದ್ದರು. ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿದ್ದರೆ, ಇನ್ನೊಂದು ಬದಲಾಗಲು ಬಿಡುವು ಪಡೆಯುತ್ತದೆ. ಅಪರೂಪಕ್ಕೆ ಹೊಸ ಕೆಲಸವನ್ನೇ ಕಲಿಯುತ್ತದೆ ಎಂಬುದು ಅವರ ವಾದ. ಇದಕ್ಕೆ ಸೊಗಸಾದ ಸಾಕ್ಷಿ ಅಂಟಾರ್ಕ್ಟಿಕಾದ ಒಂದು ಮೀನಿನಲ್ಲಿ ಸಿಕ್ಕಿದೆ. ಕೋಶದೊಳಗೆ ಒಂದು ಆಮ್ಲ ತಯಾರಿಸುತ್ತಿದ್ದ ಕಿಣ್ವದ ಜೀನ್ ಇಮ್ಮಡಿಯಾಗಿ, ಅದರ ಒಂದು ಪ್ರತಿ ರಕ್ತ ಹೆಪ್ಪುಗಟ್ಟಿ ಮಂಜಾಗದಂತೆ ಕಾಯುವ ಪ್ರೊಟೀನಿನ ಜೀನ್ ಆಗಿ ಮಾರ್ಪಟ್ಟಿದೆ.

ಆದರೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಹೊಸ ಕೆಲಸ ಕಲಿತ ಜೀನ್‌ಗಳಲ್ಲ, ಹಳೆಯ ಕೆಲಸವನ್ನೇ ಹಂಚಿಕೊಂಡವು. ಅದನ್ನು ನೋಡಲು ಜೀಬ್ರಾ ಮೀನಿನ ಬಳಿಗೇ ಹೋಗಬೇಕು. ಈ ಬೆರಳುದ್ದದ ಪಟ್ಟೆ ಮೀನು ಪ್ರಪಂಚದ ಪ್ರಯೋಗಾಲಯಗಳನ್ನೆಲ್ಲ ತುಂಬಿದ್ದರೂ ನಮ್ಮದೇ ನೆಲದ್ದು. ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಪ್ರಕಟಿಸಿದ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವಿವರಿಸಿದರು. ಪಶ್ಚಿಮ ಘಟ್ಟದ ತೊರೆಗಳಲ್ಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಾಲು ಸಾಲು ತೊಟ್ಟಿಗಳಲ್ಲಿ ಸಾಕುತ್ತಾರೆ.

ಜೀಬ್ರಾ ಮೀನಿನಲ್ಲಿ 'ನೇಕರ್' ಎಂಬ ತಳಿಯಿದೆ. ಅದರ ಮೈಮೇಲೆ ಒಂದೂ ಕಪ್ಪು ಪಟ್ಟೆಯಿಲ್ಲ, ಮೈ ಪೇಲವ. ಆದರೆ ಕಣ್ಣು ಮಾತ್ರ ಅಚ್ಚ ಕಪ್ಪು. ಕಪ್ಪು ಬಣ್ಣದ ಕೋಶಗಳನ್ನು ಬೆಳೆಸುವ ಎಂಐಟಿಎಫ್ ಎಂಬ ಜೀನ್ ಇಲಿಯಲ್ಲಿ ಒಂದೇ ಇದೆ. ಅದು ಪೂರ್ತಿ ಕೆಟ್ಟರೆ ತುಪ್ಪಳವೂ ಬಿಳಿ, ಕಣ್ಣೂ ಹಾಳು. ಜೀಬ್ರಾ ಮೀನಿನಲ್ಲಿ ಅದರ ಎರಡು ಪ್ರತಿಗಳಿವೆ. ನೇಕರ್ ತಳಿಯಲ್ಲಿ ಕೆಟ್ಟಿರುವುದು ಚರ್ಮದ ಹೊಣೆ ಹೊತ್ತ ಪ್ರತಿ. ಇನ್ನೊಂದು ಪ್ರತಿ ಕಣ್ಣಿನಲ್ಲಿ ಕೆಲಸ ಮಾಡುತ್ತದೆ.

ಅಪ್ಪನ ಕಾಲದಲ್ಲಿ ಒಂದಾಗಿದ್ದ ಗದ್ದೆ, ತೋಟಗಳು ಅಣ್ಣತಮ್ಮಂದಿರ ನಡುವೆ ಪಾಲಾದ ಹಾಗೆ ಇದು. ಒಂದು ಜೀನ್ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂದು ಹೇಳುವ ಸ್ವಿಚ್‌ಗಳು ಹಲವಿರುತ್ತವೆ. ಎರಡು ಪ್ರತಿಗಳಾದಾಗ ಒಂದರಲ್ಲಿ ಒಂದು ಸ್ವಿಚ್ ಕೆಟ್ಟಿತು, ಇನ್ನೊಂದರಲ್ಲಿ ಮತ್ತೊಂದು ಕೆಟ್ಟಿತು ಎನ್ನಿ. ಅಲ್ಲಿಂದ ಮುಂದೆ ಎರಡನ್ನೂ ಬಿಡುವಂತಿಲ್ಲ. ಎರಡೂ ಸೇರಿದರೆ ಮಾತ್ರ ಹಳೆಯ ಒಂದರ ಕೆಲಸ ಪೂರ್ತಿಯಾಗುತ್ತದೆ. ಅಲನ್ ಫೋರ್ಸ್, ಮೈಕೆಲ್ ಲಿಂಚ್, ಜಾನ್ ಪೋಸ್ಟ್‌ಲ್ತ್‌ವೇಟ್ ಮತ್ತು ಸಂಗಡಿಗರು ಇದನ್ನು 1999ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಕೆಡುವುದೇ ಉಳಿಯುವುದಕ್ಕೆ ಕಾರಣವಾಗುವ ಈ ಲೆಕ್ಕ ಮೊದಲ ಸಲ ಅರ್ಥವಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೀನು ಸಾಕುವವರಿಗೆ ಹತ್ತಿರದ ಉದಾಹರಣೆ ಅರೋಮಟೇಸ್ ಜೀನಿನದು. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ತಯಾರಾಗಲು ಬೇಕಾದ ಈ ಜೀನ್ ಮನುಷ್ಯರಲ್ಲಿ ಒಂದೇ. ಅಂಡಾಶಯಕ್ಕೊಂದು, ಮಿದುಳಿಗೊಂದು ಎಂದು ಬೇರೆ ಬೇರೆ ಸ್ವಿಚ್ ಇಟ್ಟುಕೊಂಡಿದೆ. ಜೀಬ್ರಾ ಮೀನಿನಲ್ಲಿ ಜೀನ್‌ಗಳೇ ಎರಡು: ಮುಖ್ಯವಾಗಿ ಒಂದು ಅಂಡಾಶಯದ್ದು, ಒಂದು ಮಿದುಳಿನದು.

ಮೊಟ್ಟೆ, ಹಾರ್ಮೋನು ಎಂದ ಕೂಡಲೇ ಗೆಂಡೆ ಸಾಕಿದ ನಮ್ಮ ರೈತರು ತಮ್ಮ ಕಷ್ಟ ನೆನೆದಾರು. ಕರ್ನಾಟಕದ ಮಳೆಯಾಶ್ರಿತ ಕೆರೆಗಳಲ್ಲಿ ಸ್ಥಳೀಯ ಗೆಂಡೆ ಕೆಲವೇ ತಿಂಗಳಲ್ಲಿ ಬಲಿತು ಮೊಟ್ಟೆಗೆ ಬರುತ್ತದೆ. ತಿಂದ ಆಹಾರವೆಲ್ಲ ಮೊಟ್ಟೆಗೆ ಹೋಗಿ, ಮಾರಾಟದ ತೂಕ ಬರುವ ಮೊದಲೇ ಬೆಳವಣಿಗೆ ಕುಗ್ಗುತ್ತದೆ. ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರ ಹಂಗೆರಿಯಿಂದ ತಂದು ಪರೀಕ್ಷಿಸಿದ ಅಮೂರ್ ತಳಿ ತಡವಾಗಿ ಬಲಿಯುತ್ತದೆ, ಚೆನ್ನಾಗಿ ಬೆಳೆಯುತ್ತದೆ. ಇಂದು ರೈತರ ಕೆರೆಗಳಲ್ಲಿ ಅದರ ಮರಿಗಳಿವೆ. ಈಗ ಜೀನೋಮ್ ಕೈಯಲ್ಲಿದೆ. ಆದರೆ ಗೆಂಡೆಯಲ್ಲಿ ಒಂದು ಗುಣದ ಹಿಂದಿನ ಜೀನ್ ಹುಡುಕುವವರು ಎರಡು ಪ್ರತಿಗಳಲ್ಲಿ ಯಾವುದರ ಮಾತು ನಡೆಯುತ್ತಿದೆ ಎಂದು ಮೊದಲು ನೋಡಬೇಕು. ರೋಹುವಿನಲ್ಲಿ ಈ ತೊಡಕು ಅಷ್ಟಿಲ್ಲ.

ನೂರು ವರ್ಣತಂತುಗಳ ಮೀನು ನೋಡಲು ಆಂಧ್ರದ ಹೊಂಡಗಳಿಗೇ ಹೋಗಬೇಕೆಂದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮಂಡಕ್ಕಿ ಎಸೆಯುವ ದೇವರ ಮೀನು, ಅಂದರೆ ಮಹಸೀರ್ ಕೂಡ ನೂರರ ಗುಂಪಿನದೇ. ಕಾವೇರಿಗೆ ತನ್ನದೇ ಆದ ಇನ್ನೊಂದು ಮಹಸೀರ್ ಇದೆ, ಬೆನ್ನ ಮೇಲೆ ಡುಬ್ಬವಿರುವುದು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ತೀರಾ ಅಂಚಿಗೆ ಬಂದಿತ್ತು. ಹೊರಗಿನ ಹ್ಯಾಚರಿಗಳಲ್ಲಿ ಬೆಳೆಸಿದ ದಖ್ಖನ್ ಮಹಸೀರ್ ಮರಿಗಳನ್ನು ವರ್ಷಗಟ್ಟಲೆ ಕಾವೇರಿಗೆ ಬಿಟ್ಟದ್ದೂ ಅದರ ಅವನತಿಗೆ ಕಾರಣವೆಂದು ತಜ್ಞರು ಹೇಳುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಬಿಟ್ಟದ್ದು. ಆದರೆ ಜೋಡಿ ಪ್ರತಿಗಳಲ್ಲಿ ಯಾವುದನ್ನು ಉಳಿಸಿಕೊಂಡೆ, ಯಾವುದನ್ನು ಬಿಟ್ಟೆ ಎಂಬ ಲೆಕ್ಕ ಒಂದೊಂದು ವಂಶದಲ್ಲೂ ಬೇರೆಯಾಗಿ ಬರೆದಿರುತ್ತದೆ. ನದಿಗೆ ಮುಂದಿನ ಮರಿ ಬಿಡುವ ಮೊದಲು ಅದು ಯಾವ ವಂಶದ್ದೆಂದು ಜೀನ್ ಪರೀಕ್ಷೆ ಮಾಡಿಯೇ ಬಿಡಬೇಕು. ಅದಕ್ಕೆ ಬೇಕಾದ ಯಂತ್ರ, ಪರಿಣತಿ ಎರಡೂ ಬೆಂಗಳೂರಿನಲ್ಲೇ ಇವೆ.