ಕಡೆಯ ದಿನಗಳಲ್ಲಿ ಮನೆಗೆ ಬರುವ ದಾದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹುಟ್ಟು ಬಹುಕಾಲ ಮನೆಯೊಳಗಿನ ಸಂಗತಿಯಾಗಿತ್ತು. ಬೇನೆ ತೋರಿತೆಂದರೆ ಸೂಲಗಿತ್ತಿಗೆ ಹೇಳಿಕಳುಹಿಸುತ್ತಿದ್ದರು. ಆಕೆ ಬಂದು ಒಲೆಯ ಮೇಲೆ ನೀರಿಡಿಸಿ, ಹೆದರಿದ ಹುಡುಗಿಗೆ ಧೈರ್ಯ ಹೇಳಿ, ಬಾಗಿಲಲ್ಲಿ ಗುಂಪುಗೂಡಿದವರನ್ನು ಗದರಿಸಿ ಹೊರಗೆ ಕಳುಹಿಸುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಾಗ, ಈ ಬಯಲುಸೀಮೆಯ ಹೆಸರಿಲ್ಲದ ಎಷ್ಟೋ ಹೆಂಗಸರಿಗೆ ಮನ್ನಣೆ ಸಂದಂತಾಯಿತು. ಆದರೆ ಸಾವಿಗೆ ಅಂಥ ಒಬ್ಬಾಕೆ ನಮ್ಮಲ್ಲಿ ಇರಲಿಲ್ಲ. ಸತ್ತ ಮೇಲೆ ಮಾಡಬೇಕಾದುದನ್ನು ಬಲ್ಲವರು ಊರ ತುಂಬ ಇದ್ದರು. ಸಾಯುತ್ತಿರುವಾಗ ಮಾಡಬೇಕಾದುದನ್ನು ಬಲ್ಲವರು ವಿರಳ.

ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆಯುಂಟು. ಗಾದೆಯೇನೋ ದೊಡ್ಡದು, ಆದರೆ ಪರೀಕ್ಷೆಯ ಭಾರವನ್ನೆಲ್ಲ ಅದು ಸಾಯುವವನ ತಲೆಗೇ ಕಟ್ಟುತ್ತದೆ ಎಂದು ನನಗೆ ಅನ್ನಿಸುವುದುಂಟು. ದವಡೆಯ ಹುಣ್ಣು ಕೀವುಗಟ್ಟಿ, ನಾಲ್ಕು ರಾತ್ರಿ ಕಣ್ಣು ಮುಚ್ಚದೆ ನರಳಿದವನಲ್ಲಿ ಯಾವ ಗುಣವನ್ನು ಕಾಣುವುದು? ಮೊದಲು ಆ ನೋವು ಇಳಿಯಬೇಕು. ಹೀಗೆ ನೋವನ್ನು ಇಳಿಸುವ ವಿದ್ಯೆಗೆ ಉಪಶಾಮಕ ಆರೈಕೆ ಎಂದು ಹೆಸರು. ಅದನ್ನು ಮನೆಯ ಹಾಸಿಗೆಯ ಬಳಿಗೆ ಹೊತ್ತು ತರುವವಳು ದಾದಿ.

ಹಾಸ್ಪಿಸ್ ಎಂಬ ಮಾತು ಯೂರೋಪಿನಲ್ಲಿ ಮೊದಲು ಯಾತ್ರಿಕರ ತಂಗುಮನೆಗೆ ಸಲ್ಲುತ್ತಿತ್ತು. ದಾವಣಗೆರೆಯ ಕಡೆಯಿಂದ ಕೊಟ್ಟೂರಿನ ತೇರಿಗೆ ನಡೆದು ಬರುವವರನ್ನು ದಾರಿಯ ಊರುಗಳವರು ನೆರಳಿನಲ್ಲಿ ಕೂರಿಸಿ ನೀರು ಮಜ್ಜಿಗೆ ಕೊಡುವುದನ್ನು ಕಂಡವರಿಗೆ ಆ ಮಾತಿನ ಹುರುಳು ಸುಲಭವಾಗಿ ತಿಳಿದೀತು. ಅದಕ್ಕೆ ಇಂದಿನ ಅರ್ಥ ತಂದವರು ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯವಿದ್ಯೆಯನ್ನೂ ಕಲಿತು ೧೯೬೭ರಲ್ಲಿ ಆಕೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯನ್ನು ತೆರೆದರು. ಎರಡೇ ವರ್ಷಗಳಲ್ಲಿ ಅಲ್ಲಿನ ದಾದಿಯರು ರೋಗಿಗಳ ಮನೆಗಳಿಗೂ ಹೋಗತೊಡಗಿದರು. ನಮ್ಮ ಬೆಂಗಳೂರಿನಲ್ಲಿ ಈ ಕ್ರಮ ತಿರುಗುಮುರುಗಾಯಿತು. ಅದು ನನಗೆ ಹೆಚ್ಚು ಮೆಚ್ಚಿಕೆಯಾದ ಸಂಗತಿ. ಕರುಣಾಶ್ರಯವನ್ನು ನಡೆಸುವ ಟ್ರಸ್ಟು ೧೯೯೪ರಲ್ಲಿ ಹುಟ್ಟಿತು. ಮರುವರ್ಷವೇ ಅದರ ದಾದಿಯರು ಕ್ಯಾನ್ಸರ್ ರೋಗಿಗಳ ಮನೆಗಳಿಗೆ ಹೊರಟರು. ಹಾಸಿಗೆಗಳುಳ್ಳ ಆಶ್ರಮ ಬಾಗಿಲು ತೆರೆದುದು ೧೯೯೯ರಲ್ಲಿ. ಕೇರಳದಲ್ಲಿ ೧೯೯೩ರಲ್ಲಿ ಕೋಳಿಕ್ಕೋಡಿನಿಂದ ಹೊರಟ ಚಳವಳಿ ೨೦೦೮ರ ಹೊತ್ತಿಗೆ ಸರ್ಕಾರದ ನೀತಿಯೇ ಆಗಿ, ಪಂಚಾಯಿತಿಗಳೇ ದಾದಿಯರನ್ನು ಮನೆಮನೆಗೆ ಕಳುಹಿಸುವಂತಾಯಿತು.

೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳ ಮಾತೇನು? ೨೦೧೮ರಿಂದೀಚೆಗೆ ಹಳ್ಳಿಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸುವಾಗ, ಅವುಗಳ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆಯೊಡನೆ ಉಪಶಾಮಕ ಆರೈಕೆಯನ್ನೂ ಸೇರಿಸಿದರು. ಪಟ್ಟಿಯಲ್ಲಿರುವ ಹೆಸರು ಹಾಸಿಗೆಯ ಬಳಿಗೆ ಬರಬೇಕಾದರೆ ತರಬೇತಾದ ಆಳು ಬೇಕು, ವಾಹನ ಬೇಕು, ಮಾರ್ಫಿನ್ ಬೇಕು. ಅಲ್ಲಿಯವರೆಗೆ ನಡೆಯುವುದು ಎಲ್ಲರೂ ಬಲ್ಲ ಕಥೆ: ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಎಂದು ಅಲೆದಾಟ, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತು, ಬಾಡಿಗೆಯ ವಾಹನದಲ್ಲಿ ರಾತ್ರಿಯ ಪಯಣ. ಮಾಡುವುದೇನೂ ಉಳಿದಿಲ್ಲ ಎಂಬ ಆ ಮಾತೇ ತಪ್ಪು. ಮಾಡಬೇಕಾದ ಕೆಲಸ ಬೇಕಾದಷ್ಟು ಉಳಿದಿರುತ್ತದೆ.

ದಾದಿ ಮೊದಲ ದಿನ ಬಂದಾಗ ಮನೆಯವರು ಸೂಜಿಯನ್ನೂ ಗ್ಲೂಕೋಸ್ ಬಾಟ್ಲಿಯನ್ನೂ ನಿರೀಕ್ಷಿಸುವುದು ಸಹಜ. ಬಾಟ್ಲಿ ಏರಿಸದೆ ಹೋದ ಡಾಕ್ಟರನ್ನು ಡಾಕ್ಟರೆಂದೇ ಎಣಿಸದ ಊರುಗಳಿವೆಯಲ್ಲ! ಆಕೆ ಅದೊಂದನ್ನೂ ಮಾಡದೆ ಹಾಸಿಗೆಯ ಅಂಚಿನಲ್ಲಿ ಕುಳಿತು ಮಾತಾಡಿಸುತ್ತಾಳೆ. ನೋವು ಎಲ್ಲಿ, ಉರಿಯೋ ಸೆಳೆತವೋ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಹೊಟ್ಟೆ ಕಳೆದು ಎಷ್ಟು ದಿನವಾಯಿತು? ಬಾಯಿ ತೆರೆಸಿ ನಾಲಗೆ ನೋಡುತ್ತಾಳೆ, ಮಗ್ಗುಲಾಗಿಸಿ ಬೆನ್ನು ನೋಡುತ್ತಾಳೆ. ಒಂದು ಗಂಟೆ ಹಿಡಿದೀತು. ಈ ನಡುವೆ ನೆಲದ ಮೇಲೆ ಕುಳಿತ ಸೊಸೆಯನ್ನೂ ಆಕೆಯ ಕಣ್ಣು ಗಮನಿಸುತ್ತಿರುತ್ತದೆ. ಮಗ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದರೆ ಹಗಲೂ ರಾತ್ರಿ ಮಾಡಬೇಕಾದವಳು ಆ ಸೊಸೆ. ನೀನು ಉಂಡೆಯಾ ತಾಯೀ ಎಂದು ಆಕೆಯನ್ನು ಯಾರೂ ಕೇಳಿರುವುದಿಲ್ಲ. ದಾದಿ ಕೇಳುತ್ತಾಳೆ, ಅಷ್ಟಕ್ಕೇ ಸೆರಗಿನಿಂದ ಕಣ್ಣೊರಸಿಕೊಳ್ಳುವವರು ಹಲವರು.

ಮುಂದಿನ ಭೇಟಿಗಳಲ್ಲಿ ಆಕೆ ಮಾಡುವುದಕ್ಕಿಂತ ಕಲಿಸುವುದೇ ಹೆಚ್ಚು. ವಾರಕ್ಕೊಮ್ಮೆಯೋ ಎರಡು ಸಲವೋ ಬರುವವಳು ಉಳಿದ ದಿನಗಳಿಗೆ ಮನೆಯವರ ಕೈಗಳನ್ನೇ ತಯಾರು ಮಾಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗದು. ಒಬ್ಬರೇ ಎಳೆಯದೆ, ಮಡಿಸಿದ ದುಪ್ಪಟಿಯನ್ನು ಮೈಕೆಳಗೆ ಹಾಸಿ ಇಬ್ಬರು ಹಿಡಿದು ಸರಿಸಬೇಕು. ಹುಣ್ಣು ಕೊಳೆತು ನಾರುವ ಕೋಣೆಯಲ್ಲಿ ಹಡಗಲಿಯ ಮಲ್ಲಿಗೆಯ ರಾಶಿಯೂ ಆ ವಾಸನೆಯನ್ನು ಮರೆಸಲಾರದು. ಉಪ್ಪುನೀರಿನಲ್ಲಿ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸಿ ಕಟ್ಟುವುದನ್ನು ದಾದಿ ತೋರಿಸಿಕೊಟ್ಟರೆ, ಕೆಲವೇ ದಿನಗಳಲ್ಲಿ ಮೊಮ್ಮಕ್ಕಳು ಮತ್ತೆ ಆ ಕೋಣೆಗೆ ಕಾಲಿಡುತ್ತಾರೆ. ರೋಗ ವಾಸಿಯಾಗಲಿಲ್ಲ, ನಿಜ. ಆದರೆ ಮುದುಕನಿಗೆ ಮೊಮ್ಮಕ್ಕಳು ಮರಳಿ ಬಂದರು.

ಮಾರ್ಫಿನ್ ಎಂದೊಡನೆ ನಮ್ಮವರು ಬೆಚ್ಚುವುದುಂಟು. ಅಫೀಮಲ್ಲವೇ, ಚಟ ಹಿಡಿಯದೇ, ಬೇಗ ಕೊಲ್ಲದೇ? ವಿಶ್ವ ಆರೋಗ್ಯ ಸಂಸ್ಥೆ ೧೯೮೬ರಲ್ಲೇ ಕ್ಯಾನ್ಸರಿನ ನೋವಿಗೆ ಅದನ್ನು ಬಾಯಿಯ ಮೂಲಕ, ಗಡಿಯಾರ ನೋಡಿ, ಮೆಟ್ಟಿಲುಮೆಟ್ಟಿಲಾಗಿ ಕೊಡಬೇಕೆಂದು ಸಾರಿತು. ಅದರ ಹಿಂದಿನ ವರ್ಷವಷ್ಟೇ ಬಂದ ಮಾದಕ ವಸ್ತುಗಳ ಕಾಯಿದೆ ನಮ್ಮ ದೇಶದಲ್ಲಿ ಅದನ್ನು ಆಸ್ಪತ್ರೆಗಳಿಗೂ ದುರ್ಲಭ ಮಾಡಿತು. ಜಗತ್ತಿಗೆಲ್ಲ ಔಷಧದ ಅಫೀಮು ಬೆಳೆದುಕೊಡುವ ದೇಶದಲ್ಲಿ ಸ್ವಂತ ರೋಗಿಗಳು ನರಳಿದರು. ೨೦೧೪ರ ತಿದ್ದುಪಡಿಯಿಂದ ಗಂಟು ಕೊಂಚ ಸಡಿಲಾಯಿತು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಬರುವ ಮೊದಲು, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮೊದಲ ಎರಡು ಮೂರು ದಿನ ತೂಕಡಿಕೆ, ಓಕರಿಕೆ ಇದ್ದೀತು, ಅದು ಇಳಿಯುತ್ತದೆ. ಇಳಿಯದೆ ಉಳಿಯುವುದು ಮಲಬದ್ಧತೆ. ಆದ್ದರಿಂದ ಜೊತೆಗೆ ಭೇದಿಯ ಔಷಧ ತಪ್ಪಬಾರದು. ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯುಸ್ಸನ್ನು ಕತ್ತರಿಸುವುದಿಲ್ಲ. ಉಪಶಾಮಕ ಆರೈಕೆಯ ದಾದಿ ಸಾವನ್ನು ಕರೆಯುವವಳೂ ಅಲ್ಲ, ಮುಂದೂಡುವವಳೂ ಅಲ್ಲ.

ಎಲ್ಲಕ್ಕಿಂತ ಕಠಿನವಾದ ಗಳಿಗೆ ಬರುವುದು ಹೊಸ್ತಿಲ ಬಳಿ. ಹೊರಡುವ ದಾದಿಯ ಹಿಂದೆ ಬಂದು ಮಗ ಮೆಲ್ಲಗೆ ಹೇಳುತ್ತಾನೆ: “ಅಪ್ಪಗೆ ಏನೂ ಗೊತ್ತಿಲ್ರೀ ಸಿಸ್ಟರ್. ಬರೇ ಹುಣ್ಣು ಅಂತ ಹೇಳೀವಿ. ನೀವೂ ಹಂಗೇ ಹೇಳ್ರಿ.” ಒಳಗೆ ಅಪ್ಪ, ಮಗನಿಲ್ಲದ ಹೊತ್ತು ನೋಡಿ ಕೇಳಿರುತ್ತಾನೆ: “ನಂದು ಇನ್ನೆಷ್ಟು ದಿನದ್ದಮ್ಮಾ? ಎಲ್ಲಾ ಗೊತ್ತೈತಿ ನನಗೆ. ಹುಡುಗಗೆ ಮಾತ್ರ ಹೇಳಬ್ಯಾಡ, ತಡಕೊಳ್ಳಂಗಿಲ್ಲ.” ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುವ ಭರದಲ್ಲಿ, ಆಡಬೇಕಾದ ಮಾತು ಆಡದೆಯೇ ದಿನ ಕಳೆಯುತ್ತಾರೆ. ಹೊಲದ ಪತ್ರ, ಯಾರಿಗೋ ಕೊಡಬೇಕಾದ ಕೈಸಾಲ, ಮಾತು ಬಿಟ್ಟ ತಮ್ಮನನ್ನು ಒಮ್ಮೆ ನೋಡುವ ಆಸೆ, ಎಲ್ಲವೂ ಎದೆಯಲ್ಲೇ ಉಳಿಯುತ್ತವೆ. ಒಳ್ಳೆಯ ದಾದಿ ಸುಳ್ಳು ಹೇಳುವುದಿಲ್ಲ. ಸತ್ಯವನ್ನು ಮುಖಕ್ಕೆ ಎಸೆಯುವುದೂ ಇಲ್ಲ. “ನಿಮಗೇನನ್ನಿಸ್ತೈತಿ ಅಜ್ಜಾ?” ಎಂದು ಕೇಳಿ ಕಾಯುತ್ತಾಳೆ. ಇನ್ನೊಂದು ದಿನ ಮಗನನ್ನೂ ಹಾಸಿಗೆಯ ಬಳಿ ಕೂರಿಸಿ, ತಾನು ನೀರು ಕಾಯಿಸುವ ನೆವದಲ್ಲಿ ಅಡುಗೆಮನೆಗೆ ಹೋಗುತ್ತಾಳೆ. ಈ ವಿದ್ಯೆಗೆ ಪುಸ್ತಕದಲ್ಲಿ ಪಾಠವುಂಟು. ಆದರೆ ಅದು ಬರುವುದು ವಯಸ್ಸಿನಿಂದ.

ಕೊನೆಯ ಎರಡು ಮೂರು ದಿನಗಳ ಬಗ್ಗೆ ಆಕೆ ಮುಂಚಿತವಾಗಿಯೇ ಹೇಳಿಡುತ್ತಾಳೆ. ಹಸಿವು ಬಾಯಾರಿಕೆಗಳು ಅಡಗುತ್ತವೆ. ಒತ್ತಾಯದ ಗಂಜಿ ಶ್ವಾಸನಾಳಕ್ಕೆ ಇಳಿದೀತು. ಏರಿಸಿದ ಗ್ಲೂಕೋಸು ಮೈಗೆ ಹತ್ತದೆ ಬಾವಾಗಿಯೋ ಎದೆಯಲ್ಲಿ ನೀರಾಗಿಯೋ ನಿಲ್ಲಬಹುದು. ಅಂಗೈ ಅಂಗಾಲು ತಣ್ಣಗಾಗುತ್ತವೆ. ಉಸಿರು ಒಂದಷ್ಟು ಹೊತ್ತು ನಿಂತು ಮತ್ತೆ ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಕೇಳುವವರಿಗೆ ಭಯಂಕರ. ಅರಿವು ತಪ್ಪಿದ ರೋಗಿಗೆ ಅದು ನೋವಲ್ಲ, ಮಗ್ಗುಲಾಗಿಸಿದರೆ ಬಹುಮಟ್ಟಿಗೆ ಕಡಿಮೆಯಾದೀತು. ಕಡೆಗಾಲದಲ್ಲಿ ಬಾಯಿಗೆ ನೀರು ಬಿಡುವುದು ನಮ್ಮ ಮನೆಗಳ ಪದ್ಧತಿ. ಅದನ್ನು ಆಕೆ ತಡೆಯುವುದಿಲ್ಲ. ಲೋಟದಿಂದ ಸುರಿಯಬೇಡಿ, ಬಟ್ಟೆ ಅದ್ದಿ ತುಟಿ ತೋಯಿಸಿ, ನಾಲಗೆಗೆ ಒಂದು ಹನಿ ಸಾಕು ಎನ್ನುತ್ತಾಳೆ. ಕಿವಿ ಕಡೆಯವರೆಗೂ ಕೇಳಿಸೀತು, ಮಾತಾಡಿಸುತ್ತಿರಿ ಎಂದೂ ಹೇಳುತ್ತಾಳೆ. ಇದೆಲ್ಲ ಮೊದಲೇ ತಿಳಿದ ಮನೆಯವರು ನಡುರಾತ್ರಿ ಗಾಬರಿಯಾಗಿ ವಾಹನ ಹುಡುಕುವುದಿಲ್ಲ.

ಮಣ್ಣು ಮುಗಿದ ಮೇಲೆ ಕೆಲವು ಕೆಲಸಗಳು ಉಳಿಯುತ್ತವೆ. ಮನೆಯಲ್ಲಾದ ಸಾವನ್ನು ೧೯೬೯ರ ಕಾಯಿದೆಯಂತೆ ೨೧ ದಿನಗಳೊಳಗೆ ನೋಂದಾಯಿಸಬೇಕು. ಪಿಂಚಣಿ, ಪಹಣಿ ಎಲ್ಲಕ್ಕೂ ಆ ಕಾಗದ ಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ದಾದಿಯ ಕೈಗೆ ಒಪ್ಪಿಸಬೇಕು. ತಿಂಗಳೊಪ್ಪತ್ತಿನಲ್ಲಿ ಆಕೆ ಇನ್ನೊಮ್ಮೆ ಬರುತ್ತಾಳೆ. ಈ ಸಲ ರೋಗಿಯಿಲ್ಲ. ಸೊಸೆಗೆ ನಿದ್ದೆ ಬರುತ್ತಿದೆಯೇ, ಅತ್ತೆ ಉಣ್ಣುತ್ತಿದ್ದಾರೆಯೇ ಎಂದು ವಿಚಾರಿಸುತ್ತಾಳೆ. ಚಹ ಕುಡಿದು, ಎರವಲು ಕೊಟ್ಟಿದ್ದ ಗಾಳಿಹಾಸಿಗೆಯನ್ನು ಒರೆಸಿ ಮಡಿಸಿಕೊಂಡು, ಅದು ಬೇಕಾಗಿರುವ ಇನ್ನೊಂದು ಮನೆಯ ದಾರಿ ಕೇಳಿಕೊಂಡು ಹೊರಡುತ್ತಾಳೆ.