ತೌಡು ತಿಂದ ಮಣ್ಣು

ಆಗಸ್ಟ್ ತಿಂಗಳ ಸುಡುಬಿಸಿಲಿನಲ್ಲಿ ಜಪಾನಿನ ಸ್ಟ್ರಾಬೆರಿ ಬೆಳೆಗಾರನ ಪ್ಲಾಸ್ಟಿಕ್ ಮನೆ ಬರಿದಾಗಿರುತ್ತದೆ. ಸಸಿ ನೆಡುವುದು ಸೆಪ್ಟೆಂಬರಿನಲ್ಲಿ. ಹಣ್ಣು ಕೈಗೆ ಬರುವುದು ಡಿಸೆಂಬರಿನ ಹೊತ್ತಿಗೆ. ಕ್ರಿಸ್‌ಮಸ್ ಕೇಕಿನ ನೆತ್ತಿಯನ್ನೇರಿ ಕೂಡುವ ಆ ಕೆಂಪು ಹಣ್ಣಿನ ಮೇಲೆಯೇ ಒಂದು ಸಂಸಾರದ ವರ್ಷದ ನಂಬಿಕೆ ನಿಂತಿದೆ. ಆದರೆ ಒಂದೇ ನೆಲದಲ್ಲಿ ವರ್ಷವರ್ಷವೂ ಒಂದೇ ಬೆಳೆ ತೆಗೆದರೆ ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ಮನೆಮಾಡುತ್ತದೆ. ಮೂರು ದಳದ ಎಳೆಯ ಎಲೆಯಲ್ಲಿ ಒಂದು ದಳ ಕಿರಿದಾಗಿ ಹಳದಿಗೆ ತಿರುಗಿತೆಂದರೆ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ.

ಬಹುಕಾಲ ಇದಕ್ಕೆ ಮದ್ದೆಂದರೆ ವಿಷಾನಿಲವೇ. ಮಿಥೈಲ್ ಬ್ರೋಮೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನಬಹುದು. ಸೋರಿದರೆ ತಿಳಿಯಲೆಂದು ಅದಕ್ಕೆ ಕಣ್ಣುರಿಸುವ ಕ್ಲೋರೋಪಿಕ್ರಿನ್ ಬೆರೆಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವದು! ಮಿಥೈಲ್ ಬ್ರೋಮೈಡ್ ಓಝೋನ್ ಪದರವನ್ನು ಸವೆಸುವುದೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು. ಕೆಲವು ವಿನಾಯಿತಿಗಳನ್ನುಳಿದು, ಮುಂದುವರಿದ ರಾಷ್ಟ್ರಗಳಿಗೆ 2005, ಇತರರಿಗೆ 2015 ಗಡುವಾಯಿತು.

ಬಿಸಿಲನ್ನೇ ಮದ್ದಾಗಿಸಬಹುದೆಂಬುದು ಅದಕ್ಕೆ ಮೊದಲೇ ತಿಳಿದಿತ್ತು. ಒದ್ದೆ ನೆಲಕ್ಕೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬಿಡುವ ಕ್ರಮವನ್ನು ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಜಪಾನಿನ ನಾರಾ ಪ್ರಾಂತದಲ್ಲಿ ಬರಿದಾದ ಮನೆಯ ಮಣ್ಣಿಗೆ ಹುಲ್ಲು ಬೆರೆಸಿ, ನೀರು ತುಂಬಿ, ಪ್ಲಾಸ್ಟಿಕ್ ಹೊದಿಸಿ, ಬಾಗಿಲು ಮುಚ್ಚಿ ಕಾಯಿಸಿದರು.

ಆದರೆ ಹೊಕ್ಕೈಡೋ ತಂಪು ನಾಡು. ಅಲ್ಲಿ ಬಿಸಿಲನ್ನೇ ನಂಬುವಂತಿಲ್ಲ. ಅಲ್ಲಿನವರು ಕಂಡುಕೊಂಡ ಯುಕ್ತಿ ಸೊಗಸಾಗಿದೆ. ಚದರ ಮೀಟರಿಗೆ ಸುಮಾರು 1 ಕಿಲೋ ಗೋಧಿಯ ಬೂಸಾ ಅಥವಾ ಅಕ್ಕಿಯ ತೌಡು, ಅಂದರೆ ನಾವು ಹಸುವಿಗೆ ಕಲಸಿಡುವ ಅದೇ ತೌಡು, ಮಣ್ಣಿಗೆ ಬೆರೆಸಿ, ನೀರುಣಿಸಿ, ಪ್ಲಾಸ್ಟಿಕ್ ಹೊದಿಸಿ ಸುಮಾರು ಮೂರು ವಾರ ಬಿಡುವುದು. ಮಣ್ಣು 30 ಡಿಗ್ರಿಯಷ್ಟು ಬೆಚ್ಚಗಿದ್ದರೆ ಸಾಕು. ಹಬ್ಬದೂಟ ಕಂಡ ಬ್ಯಾಕ್ಟೀರಿಯಾಗಳು ಮಣ್ಣಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಗ ಗಾಳಿಯಿಲ್ಲದೆ ಬಾಳಬಲ್ಲವು ತಲೆಯೆತ್ತಿ ಅಸೆಟಿಕ್, ಬ್ಯುಟಿರಿಕ್ ಆಮ್ಲಗಳನ್ನು ಉತ್ಪಾದಿಸುತ್ತವೆ. ಉಸಿರುಕಟ್ಟಿದ ಫ್ಯುಸೇರಿಯಮ್ ಆ ಹುಳಿಯಲ್ಲಿ ಕುಗ್ಗಿಹೋಗುತ್ತದೆ.

ಊನವಿಲ್ಲದಿಲ್ಲ. ತೌಡು ಬೆರೆತ ಆಳಕ್ಕಷ್ಟೇ ಫಲ. ಕೆಳಗಡೆ ಅಡಗಿದ ರೋಗ ಬೇರಿಗಾಗಿ ಕಾದಿರುತ್ತದೆ. ಅದಕ್ಕಾಗಿ ತೆಳುವಾದ ಮದ್ಯಸಾರವನ್ನು ನೀರಿನೊಡನೆ ಇಂಗಿಸುವ ಉಪಾಯವೂ ಬಂದಿತು. ಮಣ್ಣಿಗೂ ಮದ್ಯವೇ ಎಂದು ನಕ್ಕವರೂ ಇರಬಹುದು!

ಕೆಲಸ ನಡೆಯಿತೆನ್ನಲು ಮೂಗೇ ಸಾಕ್ಷಿ. ಹೊದಿಕೆಯಡಿಯಿಂದ ಚರಂಡಿಯ ನಾತ ಬಂದರೆ ಬೆಳೆಗಾರನಿಗೆ ಸಮಾಧಾನ. ಆಮೇಲೆ ಹೊದಿಕೆ ತೆಗೆದು, ಮಣ್ಣನ್ನು ಕೆದಕಿ ಗಾಳಿಯಾಡಿಸಿ, ನಾತವಡಗಿದ ಮೇಲೆಯೇ ಸಸಿ ನೆಡುತ್ತಾನೆ.