ಮನೆತನದ ಗುಟ್ಟು ಅಗೆಯುವ ಪತ್ತೇದಾರ

ರಾಸ್ ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿನಲ್ಲಿ ಬರೆದ ಕೆನೆತ್ ಮಿಲ್ಲರ್ (1915–1983) ಕ್ಯಾಲಿಫೋರ್ನಿಯಾದ ಖಾಸಗಿ ಪತ್ತೇದಾರ ಲೂ ಆರ್ಚರ್‌ನನ್ನಿಟ್ಟುಕೊಂಡು 18 ಕಾದಂಬರಿ ಕೊಟ್ಟರು. ಮನೆಯವರೇ ಮನೆಯವರಿಂದ ಮುಚ್ಚಿಡುವ ಸಂಗತಿಗಳನ್ನು ಇವರಷ್ಟು ಆಳವಾಗಿ ಕೆದಕಿದ ಅಪರಾಧ ಕಥೆಗಾರ ನನಗಂತೂ ಇನ್ನೊಬ್ಬ ಸಿಕ್ಕಿಲ್ಲ. 'ನ್ವಾರ್' (ಕರಾಳ ಅಪರಾಧ ಕಥೆ) ಎಂಬ ಹಣೆಪಟ್ಟಿ ಕಂಡು ಇವರನ್ನು ಬದಿಗಿಡುವವರಿಗಾಗಿ ಈ ಮಾತುಗಳು.

ತಪ್ಪು ಕಲ್ಪನೆ: ನ್ವಾರ್ ಅಂದರೆ ಪಿಸ್ತೂಲು, ಸಿಗರೇಟು, ರಾತ್ರಿಯ ಬೀದಿ. ಸಂಸಾರಕ್ಕೆ ಅಲ್ಲಿ ಜಾಗವಿಲ್ಲ.

ವಾಸ್ತವ: ರೇಮಂಡ್ ಚಾಂಡ್ಲರ್‌ ಅವರ ಪತ್ತೇದಾರಿ ಕಾದಂಬರಿ 'ದಿ ಬಿಗ್ ಸ್ಲೀಪ್' (1939) ಶುರುವಾಗುವುದೇ ಕಾಯಿಲೆಬಿದ್ದ ಮುದಿ ಜನರಲ್ ಸ್ಟರ್ನ್‌ವುಡ್‌ನ ಬಂಗಲೆಯಲ್ಲಿ. ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ತಂಗಿ ಮಾಡಿದ್ದನ್ನು ಅಕ್ಕ ಮುಚ್ಚಿಟ್ಟಿದ್ದೇ ಅಲ್ಲಿನ ತಿರುಳು.

ತಪ್ಪು ಕಲ್ಪನೆ: ಮ್ಯಾಕ್‌ಡೊನಾಲ್ಡ್ ಚಾಂಡ್ಲರ್‌ರ ನೆರಳು, ಅಷ್ಟೇ.

ವಾಸ್ತವ: 1949ರ 'ದಿ ಮೂವಿಂಗ್ ಟಾರ್ಗೆಟ್' ಮಟ್ಟಿಗೆ ಈ ಮಾತನ್ನು ಒಪ್ಪಬಹುದು. 1959ರ 'ದಿ ಗಾಲ್ಟನ್ ಕೇಸ್' ಬರುವ ಹೊತ್ತಿಗೆ ದಾರಿಯೇ ಬೇರೆಯಾಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಮನೆ ಬಿಟ್ಟುಹೋದ ಮಗನನ್ನು ಹುಡುಕಿಕೊಡಿ ಎಂದು ಸಿರಿವಂತ ಮುದುಕಿಯ ಕಡೆಯಿಂದ ಆರ್ಚರ್‌ಗೆ ಕರೆ ಬರುತ್ತದೆ. ಮಗ ಸಿಗುವುದಿಲ್ಲ, ತಲೆಯಿಲ್ಲದ ಅಸ್ಥಿಪಂಜರ ಸಿಗುತ್ತದೆ. ಜೊತೆಗೆ, ನಾನೇ ಅವನ ಮಗ ಎನ್ನುವ ಒಬ್ಬ ಯುವಕ. ವಿಚಾರಿಸುತ್ತ ಹೋದರೆ ಅವನು ಕೆನಡಾದಲ್ಲಿ ಬೆಳೆದವನು, ಆಸ್ತಿಗಾಗಿ ಮೊಮ್ಮಗನ ವೇಷ ಹಾಕಲು ತರಬೇತಾದವನು ಎಂದು ತಿಳಿಯುತ್ತದೆ. ಕೊನೆಯನ್ನು ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನ ಮಾತು ನಿಲ್ಲುವುದಿಲ್ಲ: ವೇಷ ಹಾಕಿದ ಆ ಹುಡುಗ ನಿಜವಾಗಿಯೂ ಆ ಮನೆಯ ಮೊಮ್ಮಗನೇ. ತಾನು ಯಾರೆಂದು ತನಗೇ ಗೊತ್ತಿಲ್ಲದೆ ಸುಳ್ಳು ಹೇಳುತ್ತಿದ್ದವನು ನಿಜವನ್ನೇ ಹೇಳುತ್ತಿದ್ದ.

ತಪ್ಪು ಕಲ್ಪನೆ: ಇಂಥ ಕಥೆಗಳು ಬರೀ ಕಸುಬಿನ ಚಮತ್ಕಾರ.

ವಾಸ್ತವ: ಮಿಲ್ಲರ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು. ಚಿಕ್ಕಂದಿನಲ್ಲೇ ಅಪ್ಪ ಮನೆ ಬಿಟ್ಟರು. ಸಾಕುವ ದಾರಿ ಕಾಣದ ತಾಯಿ ಮಗನನ್ನು ಅನಾಥಾಶ್ರಮದ ತನಕ ಕರೆದೊಯ್ದಿದ್ದರು. 1956ರಲ್ಲಿ ಅವರ ಹದಿಹರೆಯದ ಮಗಳು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಒಬ್ಬ ಹುಡುಗ ಸತ್ತ. ಆ ಬಳಿಕ ಮಿಲ್ಲರ್ ಮನಶ್ಶಾಸ್ತ್ರೀಯ ಚಿಕಿತ್ಸೆ ಪಡೆದರು. 'ಗಾಲ್ಟನ್' ಮೂಡಿದ್ದು ಅದರ ನಂತರ. ಹಾಗೆಂದು ಇದು ಆತ್ಮಕಥೆಯಲ್ಲ. ತನ್ನ ನೋವನ್ನು ಆರ್ಚರ್‌ನ ತಲೆಗೆ ಕಟ್ಟದೆ, ಅವನು ಹುಡುಕುವ ಹುಡುಗನಿಗೆ ಹಂಚಿದ ಸಂಯಮವೇ ನನಗೆ ದೊಡ್ಡದಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಪತ್ತೇದಾರ ಹೊಡೆದಾಟದ ಗಂಡು.

ವಾಸ್ತವ: ಆರ್ಚರ್‌ನ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು. ಅಡುಗೆಮನೆ, ಮೋಟೆಲ್, ಆಸ್ಪತ್ರೆ ಎನ್ನದೆ ಕೂತು, ಎದುರಿನವರು ತಾವಾಗಿಯೇ ಬಾಯಿಬಿಡುವ ತನಕ ಕಾಯುತ್ತಾನೆ.

ತಪ್ಪು ಕಲ್ಪನೆ: ಪತ್ತೇದಾರಿ ಕಾದಂಬರಿ ಸಾಹಿತ್ಯವಲ್ಲ.

ವಾಸ್ತವ: 1971ರಲ್ಲಿ 'ದಿ ಅಂಡರ್‌ಗ್ರೌಂಡ್ ಮ್ಯಾನ್' ಬಂದಾಗ ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ವಿಮರ್ಶೆಯ ಪುರವಣಿಯ ಮುಖಪುಟದಲ್ಲಿ ಅದನ್ನು ಮೆಚ್ಚಿ ಬರೆದವರು ಕಾದಂಬರಿಕಾರ್ತಿ ಯೂಡೋರಾ ವೆಲ್ಟಿ. ಆ ಕಾದಂಬರಿಯ ಉದ್ದಕ್ಕೂ ಉರಿಯುವ ಬೆಂಕಿಗೆ ಪ್ರೇರಣೆ, ಮಿಲ್ಲರ್ ವಾಸವಿದ್ದ ಸಾಂಟಾ ಬಾರ್ಬರಾದ ಬೆಟ್ಟಗಳನ್ನು ಸುಟ್ಟ 1964ರ ಕಾಳ್ಗಿಚ್ಚು. ಕಾದಂಬರಿಯಲ್ಲಿ ಸ್ಟ್ಯಾನ್ಲಿ ಎಂಬಾತ ಹದಿನೈದು ವರ್ಷದ ಹಿಂದೆ ಕಾಣೆಯಾದ ಅಪ್ಪನ ಜಾಡು ಹಿಡಿದು ಬೆಟ್ಟಕ್ಕೆ ಹೋಗಿ, ಅಲ್ಲೇ ಕೊಲೆಯಾಗುತ್ತಾನೆ. ಅವನ ಕೈಯಿಂದ ಬಿದ್ದ ಸಣ್ಣ ಚುಟ್ಟಾ ಒಣಹುಲ್ಲಿಗೆ ತಗಲಿ ಊರಿಗೇ ಉರಿ ಬರುತ್ತದೆ. ಅವನನ್ನು ಹೂತ ಜಾಗದ ಅಡಿಯಲ್ಲೇ ಒಂದು ಕೆಂಪು ಪೋರ್ಷೆ ಕಾರು, ಕಾರಿನೊಳಗೆ ಅಪ್ಪ. ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ನಡೆದುಹೋಗುತ್ತದೆ.

ತಪ್ಪು ಕಲ್ಪನೆ: ಗುಟ್ಟು ರಟ್ಟಾದರೆ ಮನೆ ನೆಮ್ಮದಿ ಕಾಣುತ್ತದೆ.

ವಾಸ್ತವ: ಕೊಲೆಗಾರ ಸಿಕ್ಕಿದ ಮೇಲೂ ಆರ್ಚರ್‌ಗೆ ಉಳಿಯುವ ಚಿಂತೆ ಸ್ಟ್ಯಾನ್ಲಿಯ ಪುಟ್ಟ ಮಗ ರಾನಿಯದು. ಸತ್ಯ ಅಗೆದು ತೆಗೆದವನೇ, ಈ ಮಗು ಇದನ್ನೆಲ್ಲ ಮರೆಯಲಿ ಎಂದು ಹಾರೈಸುತ್ತಾನೆ. ತಿಳಿದುಕೊಳ್ಳುವ ಹಕ್ಕು, ಮರೆಯುವ ಹಕ್ಕು ಎರಡನ್ನೂ ಇಷ್ಟು ಗಂಭೀರವಾಗಿ ತೆಗೆದುಕೊಂಡ ಪತ್ತೇದಾರಿ ಬರಹ ಅಪರೂಪ.

ತಪ್ಪು ಕಲ್ಪನೆ: 18ನ್ನೂ ಕ್ರಮವಾಗಿಯೇ ಓದಬೇಕು.

ವಾಸ್ತವ: ಬೇಕಿಲ್ಲ, ಪ್ರತಿಯೊಂದೂ ಸ್ವತಂತ್ರ. 'ದಿ ಚಿಲ್' (1964) ಮೊದಲು ಹಿಡಿಯಿರಿ. ಅದರ ಕೊನೆಯನ್ನು ಮಾತ್ರ ನಾನು ಹೇಳುವುದಿಲ್ಲ.